ಹತ್ತೂವರೆ ಇಂಚಿನ ಹಲಗೆಗೆ ತಕ್ಕ ಸ್ಲೈಡಿಂಗ್ ಮೈಟರ್ ಸಾ

ನವರಾತ್ರಿಗೆ ಗೊಂಬೆ ಕೂರಿಸಲು ನಮ್ಮ ಮನೆಯಲ್ಲಿ ಬಹಳ ವರ್ಷ ಬಳಸುತ್ತಿದ್ದದ್ದು ಟ್ರಂಕುಗಳನ್ನೂ ಹಳೆಯ ಮೇಜುಗಳನ್ನೂ ಒಂದರ ಹಿಂದೊಂದು ಜೋಡಿಸಿ, ಮೇಲೆ ಬಿಳಿಯ ಪಂಚೆ ಹಾಸಿದ ಮೆಟ್ಟಿಲುಗಳನ್ನು. ಮೂರು ವರ್ಷಗಳ ಹಿಂದೆ, ಹಬ್ಬ ಮುಗಿದ ಮೇಲೆ ಬಿಚ್ಚಿ ಅಟ್ಟಕ್ಕೆ ಸೇರಿಸಬಹುದಾದ ಏಳು ಮೆಟ್ಟಿಲಿನ ಮರದ ಅಟ್ಟಣೆಯೊಂದನ್ನು ನಾನೇ ಮಾಡಬೇಕೆಂದು ನಿರ್ಧರಿಸಿ, ಮೈಸೂರಿನ ಬಂಬೂ ಬಜಾರಿನಿಂದ ಸಿಲ್ವರ್ ಓಕ್ ಹಲಗೆಗಳನ್ನು ತಂದೆ. ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಈ ಮರ ತೇಗದಷ್ಟು ದುಬಾರಿಯಲ್ಲ, ಮರದ ಎಳೆಗಳ ವಿನ್ಯಾಸವೂ ಸೊಗಸು. ಕೀಸಿದ ಮೇಲೆ ಹಲಗೆಯ ಅಗಲ ಹತ್ತೂವರೆ ಇಂಚು ಉಳಿಯಿತು, ಅಂದರೆ ಸುಮಾರು 267 ಮಿ.ಮೀ. ಗೊಂಬೆಗಳು ನಿಲ್ಲುವ ಏಳು ಹಲಗೆ, ಎದುರಿಗೆ ನಿಲ್ಲಿಸುವ ಏಳು ಹಲಗೆ, ಒಟ್ಟು 14 ಹಲಗೆಗಳ 28 ತುದಿಗಳನ್ನು ಮೂಲೆಮಟ್ಟಕ್ಕೆ ಸರಿಯಾಗಿ ಕೊಯ್ಯಬೇಕಿತ್ತು. ಕೈಗರಗಸದಿಂದ ಕೊಯ್ದು, ತುದಿಯನ್ನು ಕೀಸುಳಿಯಿಂದ ಸರಿಪಡಿಸುತ್ತಾ ಹೋದಾಗ ಎರಡು ಹಲಗೆಗಳಿಗೆ ಒಂದು ಇಡೀ ಬೆಳಗು ಹಿಡಿಯಿತು. ಸ್ಲೈಡಿಂಗ್ ಮೈಟರ್ ಸಾ ಕೊಳ್ಳಬೇಕೆಂಬ ಯೋಚನೆ ಗಟ್ಟಿಯಾದದ್ದು ಆ ಬೆಳಗಿನಲ್ಲಿ.

ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಲೆ, ಈಗ ಕುವೆಂಪುನಗರದ ಮನೆಯ ಹಿಂಬದಿಯ ಕೋಣೆಯಲ್ಲಿ ಮರಗೆಲಸ ಮಾಡಿಕೊಂಡಿರುವವನು ನಾನು. ನನಗೆ ಮರ ಹಿಡಿಯಲು ಕಲಿಸಿದವರು ಶ್ರೀರಂಗಪಟ್ಟಣದ ಒಬ್ಬ ಹಿರಿಯ ಬಡಗಿ. ಯಂತ್ರ ಕೊಳ್ಳುವ ವಿಷಯವನ್ನು ಅವರಲ್ಲಿ ಪ್ರಸ್ತಾಪಿಸಿದಾಗ ಅವರು ಯಾವ ಕಂಪನಿಯ ಹೆಸರನ್ನೂ ಹೇಳದೆ, ‘ನೀವು ಕೊಯ್ಯುವ ಮರದಲ್ಲಿ ಅತಿ ಅಗಲದ್ದು ಎಷ್ಟು, ಅತಿ ದಪ್ಪದ್ದು ಎಷ್ಟು, ಮೊದಲು ಅದನ್ನು ಬರೆದುಕೊಂಡು ಬನ್ನಿ’ ಎಂದರು. ಅಂಗಡಿಗೆ ಹೋಗುವ ಮೊದಲು ನಾನು ಮಾಡಿದ ಅತ್ಯಂತ ಉಪಯುಕ್ತವಾದ ಕೆಲಸ ಆ ಪಟ್ಟಿಯೇ ಆಯಿತು.

ಮೈಟರ್ ಸಾ ಎಂದರೆ ಮೇಜಿನ ಮೇಲೆ ಕೂರುವ, ಮೇಲಿನಿಂದ ಕೆಳಕ್ಕೆ ಇಳಿದು ಮರವನ್ನು ಅಡ್ಡಲಾಗಿ ಕತ್ತರಿಸುವ ವೃತ್ತಾಕಾರದ ಗರಗಸ. ಕೆಳಗಿನ ತಿರುಗುಮೇಜನ್ನು ಎಡಕ್ಕೋ ಬಲಕ್ಕೋ ತಿರುಗಿಸಿದರೆ ಓರೆ ಕೊಯ್ತ, ಬ್ಲೇಡನ್ನೇ ವಾಲಿಸಿದರೆ ವಾಲು ಕೊಯ್ತ, ಎರಡನ್ನೂ ಒಟ್ಟಿಗೆ ಮಾಡಿದರೆ ಕಾಂಪೌಂಡ್ ಕೊಯ್ತ. ಇದು ಹಲಗೆಯನ್ನು ಉದ್ದಕ್ಕೆ ಸೀಳುವ ಯಂತ್ರವಲ್ಲ. ಆ ಕೆಲಸಕ್ಕೆ ಟೇಬಲ್ ಸಾ ಬೇಕು. ಬ್ಲೇಡು ಇದ್ದ ಜಾಗದಲ್ಲೇ ಇಳಿಯುವ ಸಾಮಾನ್ಯ ಮೈಟರ್ ಸಾದಲ್ಲಿ, 10 ಇಂಚಿನ ಬ್ಲೇಡಿದ್ದರೂ ಕೊಯ್ಯಬಹುದಾದ ಅಗಲ ಸುಮಾರು 130 ಮಿ.ಮೀ. ಮಾತ್ರ, ಏಕೆಂದರೆ ವೃತ್ತದ ಕೆಳಗಿನ ತುಣುಕಷ್ಟೇ ಮರದೊಳಗೆ ಇಳಿಯುತ್ತದೆ. 12 ಇಂಚಿನ ಬ್ಲೇಡಿಗೂ ಅದು 200 ಮಿ.ಮೀ. ಆಸುಪಾಸಿನಲ್ಲೇ ನಿಲ್ಲುತ್ತದೆ. ಬ್ಲೇಡು ಮತ್ತು ಮೋಟಾರು ಇರುವ ತಲೆಯನ್ನು ಜೋಡಿ ಸರಳುಗಳ ಮೇಲೆ ಮುಂದಕ್ಕೂ ಹಿಂದಕ್ಕೂ ಜಾರುವಂತೆ ಮಾಡಿದಾಗ, ಸಣ್ಣ ಬ್ಲೇಡಿನಲ್ಲೇ 300 ಮಿ.ಮೀ.ವರೆಗಿನ ಹಲಗೆಯನ್ನು ಕೊಯ್ಯಲು ಸಾಧ್ಯವಾಗುತ್ತದೆ. ನನ್ನ 267 ಮಿ.ಮೀ. ಹಲಗೆಗೆ ಇಂಥ ಜಾರುವ ಗರಗಸವೇ, ಅಂದರೆ ಸ್ಲೈಡಿಂಗ್ ಮೈಟರ್ ಸಾ, ಬೇಕೆಂಬುದು ಅಲ್ಲಿಗೆ ತೀರ್ಮಾನವಾಯಿತು. ಸಾಮಾನ್ಯ ಗರಗಸದಲ್ಲಿ ಒಂದು ಬದಿಯಿಂದ ಅರ್ಧ ಕೊಯ್ದು, ಹಲಗೆಯನ್ನು ಮಗುಚಿ ಇನ್ನರ್ಧ ಕೊಯ್ಯುವುದುಂಟು. ಆದರೆ ಎರಡು ಕೊಯ್ತಗಳು ಸೇರುವಲ್ಲಿ ಸಣ್ಣದೊಂದು ಮೆಟ್ಟಿಲು ಉಳಿಯುತ್ತದೆ, ಅದನ್ನು ಮತ್ತೆ ಕೀಸಲೇಬೇಕು.

ಓರೆ ಕೊಯ್ತದಲ್ಲಿ ಈ ಅಗಲ ಕುಗ್ಗುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. 45 ಡಿಗ್ರಿಗೆ ತಿರುಗಿಸಿದಾಗ ಬ್ಲೇಡು ಹಲಗೆಯ ಕರ್ಣವನ್ನು ದಾಟಬೇಕಾಗುವುದರಿಂದ, ನೇರ ಕೊಯ್ತದಲ್ಲಿ 300 ಮಿ.ಮೀ. ಸಾಮರ್ಥ್ಯವಿರುವ ಯಂತ್ರ 210 ಮಿ.ಮೀ. ಸುಮಾರಿಗೆ ಇಳಿಯುತ್ತದೆ. ಕೊಸೈನ್ 45 ಎಂದರೆ 0.707, ಅದರಿಂದ ಗುಣಿಸಿ ನೋಡಿದರೆ ಲೆಕ್ಕ ತಾನಾಗಿಯೇ ಸಿಗುತ್ತದೆ. ಹಾಗೆಯೇ ಬ್ಲೇಡನ್ನು ವಾಲಿಸಿದರೆ ಕೊಯ್ಯಬಹುದಾದ ದಪ್ಪ ಕುಗ್ಗುತ್ತದೆ. ಕ್ಯಾಟಲಾಗಿನ ಮೊದಲ ಸಾಲಿನಲ್ಲಿರುವ ದೊಡ್ಡ ಸಂಖ್ಯೆಯನ್ನು ಮಾತ್ರ ನೋಡದೆ, 45 ಡಿಗ್ರಿಯ ಸಾಲುಗಳನ್ನೂ ಓದಬೇಕು.

ದಪ್ಪದ ವಿಷಯದಲ್ಲಿ ನಮ್ಮ ಊರಿನ ಕೆಲಸಕ್ಕೆ ಸಂಬಂಧಿಸಿದ ಒಂದು ಮುಖ್ಯ ಅಂಶವಿದೆ. ಮಾರುಕಟ್ಟೆಯಲ್ಲಿ ಜಾರುವ ಗರಗಸಗಳು ಹೆಚ್ಚಾಗಿ ಮೂರು ಅಳತೆಗಳಲ್ಲಿ ಸಿಗುತ್ತವೆ: ಎಂಟೂವರೆ ಇಂಚು ಅಂದರೆ 216 ಮಿ.ಮೀ., 10 ಇಂಚು ಅಂದರೆ 254ರಿಂದ 260 ಮಿ.ಮೀ., ಮತ್ತು 12 ಇಂಚು ಅಂದರೆ 305 ಮಿ.ಮೀ. ಮೊದಲನೆಯದು ಹಗುರ, ಬ್ಲೇಡು ಚಿಕ್ಕದಾದ್ದರಿಂದ ತೊನೆದಾಟವೂ ಕಡಿಮೆ, 300 ಮಿ.ಮೀ. ಅಗಲವನ್ನೂ ಕೊಯ್ಯುತ್ತದೆ. ನನ್ನ ಮೆಟ್ಟಿಲುಗಳಿಗೆ ಅದೇ ಸಾಕಾಗಿತ್ತು. ಆದರೆ ಅದು ಕೊಯ್ಯುವ ದಪ್ಪ ಸುಮಾರು 70 ಮಿ.ಮೀ. ನಮ್ಮ ಕಡೆಯ ಬಾಗಿಲುವಾಡಕ್ಕೆ ಬಳಸುವ ಮರ ಸಾಮಾನ್ಯವಾಗಿ ಐದು ಇಂಚಿಗೆ ಮೂರು ಇಂಚು. ಮೂರು ಇಂಚು ಎಂದರೆ 76 ಮಿ.ಮೀ. ಕೀಸಿದ ಮೇಲೆ ಒಂದೆರಡು ನೂಲು (ಒಂದು ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ) ಕಡಿಮೆಯಾದರೂ ಅದು ಈ ಗರಗಸದ ಅಂಚಿಗೇ ಬಂದು ನಿಲ್ಲುತ್ತದೆ, ಕೆಲವೊಮ್ಮೆ ತಳದಲ್ಲಿ ಕಡ್ಡಿಯಷ್ಟು ಮರ ಕೊಯ್ಯದೆ ಉಳಿಯುತ್ತದೆ. ನನ್ನ ಪಟ್ಟಿಯಲ್ಲಿ ತಂಗಿಯ ಮನೆಯ ದೇವರಕೋಣೆಯ ಬಾಗಿಲುವಾಡವೂ ಇತ್ತು. 10 ಇಂಚಿನ ಗರಗಸ 90 ಮಿ.ಮೀ. ಸುಮಾರಿನ ದಪ್ಪವನ್ನು ಕೊಯ್ಯುವುದರಿಂದ ಅಲ್ಲಿ ಚಿಂತೆಯಿರಲಿಲ್ಲ.

10 ಇಂಚಿನ ಪರವಾಗಿ ಇನ್ನೊಂದು ಕಾರಣ ಬ್ಲೇಡಿನ ಲಭ್ಯತೆ. ಅಶೋಕ ರಸ್ತೆಯ ಸುತ್ತಮುತ್ತಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿದಾಗ, 10 ಇಂಚಿನ, ನಡುರಂಧ್ರ 25.4 ಮಿ.ಮೀ. ಇರುವ ಬ್ಲೇಡುಗಳು ಬೇರೆ ಬೇರೆ ಹಲ್ಲುಗಳ ಸಂಖ್ಯೆಯಲ್ಲಿ ಕೂಡಲೇ ದೊರೆತವು. 216 ಮಿ.ಮೀ. ವ್ಯಾಸದ, 30 ಮಿ.ಮೀ. ರಂಧ್ರದ ಬ್ಲೇಡು ಕೇಳಿದಾಗ ತರಿಸಿಕೊಡುತ್ತೇವೆ ಎಂಬ ಉತ್ತರವೇ ಹೆಚ್ಚಾಗಿ ಬಂದಿತು. ಬ್ಲೇಡಿನ ನಡುರಂಧ್ರ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಿರುತ್ತದೆ. ಇದನ್ನು ಕೊಳ್ಳುವ ಮುನ್ನವೇ ನೋಡಿಕೊಳ್ಳುವುದು ಒಳ್ಳೆಯದು. ಯಂತ್ರವನ್ನು ಒಮ್ಮೆ ಕೊಳ್ಳುತ್ತೇವೆ, ಬ್ಲೇಡನ್ನು ಅದರ ಆಯುಷ್ಯದುದ್ದಕ್ಕೂ ಕೊಳ್ಳುತ್ತಿರುತ್ತೇವೆ. 12 ಇಂಚಿನದನ್ನು ನಾನು ಬೇಗನೆ ಕೈಬಿಟ್ಟೆ: ನನ್ನ ಕೋಣೆಗೆ ಅದು ದೊಡ್ಡದು, ಒಬ್ಬನೇ ಎತ್ತಿಡಲು ಭಾರ, ಮತ್ತು ಆ ಸಾಮರ್ಥ್ಯ ಬೇಡುವ ಕೆಲಸ ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಇಲ್ಲಿಂದ ಮುಂದೆ, ಹೇಳಬೇಕೆಂದುಕೊಂಡಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಂಥ ಯಂತ್ರದಲ್ಲಿ ಕಾಣಸಿಗುವ ದೋಷಗಳನ್ನು ಎರಡು ಗುಂಪು ಮಾಡಬೇಕು: ನಾವೇ ಹೊಂದಿಸಿ ಸರಿಪಡಿಸಬಹುದಾದವು, ಏನು ಮಾಡಿದರೂ ಸರಿಹೋಗದವು. ಮರವನ್ನು ಒರಗಿಸುವ ಪಟ್ಟಿ, ಅಂದರೆ ಫೆನ್ಸ್, ಬ್ಲೇಡಿಗೆ 90 ಡಿಗ್ರಿಯಲ್ಲಿ ಇಲ್ಲದಿದ್ದರೆ ಅದರ ಸ್ಕ್ರೂಗಳನ್ನು ಸಡಿಲಿಸಿ ಸರಿಪಡಿಸಬಹುದು. ವಾಲುವಿಕೆಯ ಸೊನ್ನೆ ಮತ್ತು 45ರ ತಡೆಗಳಿಗೆ ಹೊಂದಾಣಿಕೆಯ ಸ್ಕ್ರೂಗಳಿರುತ್ತವೆ. ಲೇಸರ್ ಗೆರೆ ಪಕ್ಕಕ್ಕೆ ಸರಿದಿದ್ದರೆ ಸಾಮಾನ್ಯವಾಗಿ ಅದನ್ನೂ ತಿದ್ದಬಹುದು. ಯಂತ್ರದೊಡನೆ ಬಂದ ಬ್ಲೇಡು ಒರಟಾಗಿದ್ದರೆ ಬದಲಿಸಬಹುದು. ಆದರೆ ಅಚ್ಚಿನಲ್ಲಿ ಎರೆದ ಫೆನ್ಸ್ ನಡುವೆ ಬಾಗಿದ್ದರೆ, ಸರಳುಗಳ ಮೇಲೆ ತಲೆ ಅಕ್ಕಪಕ್ಕಕ್ಕೆ ಅಲುಗಾಡುತ್ತಿದ್ದರೆ, ಮೇಜಿನ ಎರಡು ರೆಕ್ಕೆಗಳೂ ತಿರುಗುಮೇಜೂ ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ, ಅಂಥ ಯಂತ್ರವನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು. ಗಿರಾಕಿಗಳು ಸಾಮಾನ್ಯವಾಗಿ ಮೋಟಾರಿನ ವ್ಯಾಟ್ ಎಷ್ಟು, ಲೇಸರ್ ಇದೆಯೇ ಎಂದು ಕೇಳುತ್ತಾರೆ. ಕೊಯ್ತ ನೇರವಾಗಿ ಬರುವುದು ಇವೆರಡರಿಂದಲ್ಲ, ಎರೆದ ಲೋಹ ಮತ್ತು ಸರಳುಗಳಿಂದ.

ಜಾರುವ ಗರಗಸದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕಾಗುತ್ತದೆ. ಸ್ಥಿರವಾದ ಮೈಟರ್ ಸಾದಲ್ಲಿ ತಲೆ ಒಂದೇ ಕೀಲಿನ ಮೇಲೆ ಮೇಲೆ ಕೆಳಗೆ ಆಡುತ್ತದೆ, ಅಷ್ಟೆ. ಜಾರುವುದರಲ್ಲಿ ಅದರ ಜೊತೆಗೆ ಸರಳು ಮತ್ತು ಬೇರಿಂಗುಗಳ ಇನ್ನೊಂದು ಚಲನೆ ಸೇರುತ್ತದೆ. ತಲೆಯನ್ನು ಪೂರ್ತಿ ಮುಂದಕ್ಕೆ ಎಳೆದಾಗ ಭಾರವೆಲ್ಲ ಸರಳಿನ ತುದಿಯಲ್ಲಿ ತೂಗುತ್ತದೆ. ಅಲ್ಲಿ ಕೂದಲೆಳೆಯಷ್ಟು ಆಟವಿದ್ದರೂ ಅದು ಹಲಗೆಯ ಮುಂಭಾಗದ ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ. ಹೆಚ್ಚು ಅಗಲವನ್ನು ಕೊಡುವ ವ್ಯವಸ್ಥೆಯೇ ನಿಖರತೆಯನ್ನು ಕದಿಯಬಲ್ಲದಾದ್ದರಿಂದ, ನಿಮ್ಮ ಹಲಗೆಗಳೆಲ್ಲ ಐದು ಇಂಚಿನೊಳಗೇ ಇದ್ದರೆ ಸ್ಥಿರವಾದ ಗರಗಸವನ್ನೇ ಕೊಳ್ಳಿ ಎಂದು ನಾನು ಹೇಳುತ್ತೇನೆ. ನನಗೆ ಸಿಕ್ಕ ದರಪಟ್ಟಿಗಳಲ್ಲಿ ಜಾರುವ ಯಂತ್ರದ ಬೆಲೆ ಅದೇ ಅಳತೆಯ ಸ್ಥಿರ ಯಂತ್ರದ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು. ಅದರ ಮೇಲೆ ಶೇಕಡ 18 ಜಿಎಸ್‌ಟಿಯನ್ನು ಸೇರಿಸಿಯೇ ಹೇಳಿದ್ದಾರೋ ಇಲ್ಲವೋ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು.

ಅಂಗಡಿಗೆ ನಾನು ಬರಿಗೈಯಲ್ಲಿ ಹೋಗಲಿಲ್ಲ. ಎರಡೂ ಅಂಚುಗಳು ಸಮಾನಾಂತರವಾಗಿರುವ, 250 ಮಿ.ಮೀ. ಅಗಲದ ಒಂದು ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆ, ಒಂದು ಉಕ್ಕಿನ ಪಟ್ಟಿ, ಒಂದು ಒಳ್ಳೆಯ ಮೂಲೆಮಟ್ಟ ಮತ್ತು ಸಂದಿನ ಅಗಲ ಅಳೆಯುವ ತೆಳು ಲೋಹದ ಎಲೆಗಳ ಒಂದು ಫೀಲರ್ ಗೇಜ್ ಚೀಲದಲ್ಲಿದ್ದವು. ಮೊದಲು ಉಕ್ಕಿನ ಪಟ್ಟಿಯನ್ನು ಫೆನ್ಸಿನ ಎಡ ಮತ್ತು ಬಲ ಭಾಗಗಳೆರಡಕ್ಕೂ ತಾಗುವಂತೆ ಹಿಡಿದು, ಹಿಂದಿನಿಂದ ಬೆಳಕು ಬಿಟ್ಟು ನೋಡಿದೆ. ಅನಂತರ ತಲೆಯನ್ನು ಪೂರ್ತಿ ಮುಂದಕ್ಕೆ ಎಳೆದು, ವಿದ್ಯುತ್ ಸಂಪರ್ಕವಿಲ್ಲದ ಸ್ಥಿತಿಯಲ್ಲಿ ಹಿಡಿಯನ್ನು ಮೆಲ್ಲಗೆ ಎಡಬಲಕ್ಕೆ ಒತ್ತಿ, ಬ್ಲೇಡಿನ ಒಂದು ಹಲ್ಲು ಹಲಗೆಯ ಮೇಲೆ ಗುರುತಿಸಿದ ಗೆರೆಯಿಂದ ಎಷ್ಟು ಸರಿಯುತ್ತದೆಂದು ಗಮನಿಸಿದೆ. ಜೋರಾಗಿ ಒತ್ತಿದರೆ ಎಂಥ ಯಂತ್ರವೂ ಬಾಗುತ್ತದೆ. ಕೊಯ್ಯುವಾಗ ಕೈ ಹಾಕುವಷ್ಟೇ ಬಲ ಸಾಕು. ಆಮೇಲೆ, ತಿರುಗುಮೇಜನ್ನು ಪ್ರತಿಯೊಂದು ನಿಲುಗಡೆಗೂ ಒಯ್ದು, ಅದು ಗಟ್ಟಿಯಾಗಿ ಕಚ್ಚಿ ಕೂರುತ್ತದೆಯೇ ಎಂದು ನೋಡಿದೆ. ಈ ಯಂತ್ರಗಳಲ್ಲಿ 15, 22.5, 30, 45 ಡಿಗ್ರಿಗಳಿಗೆ ನಿಲುಗಡೆಗಳಿರುತ್ತವೆ, ಹಲವುಗಳಲ್ಲಿ 31.6ಕ್ಕೂ ಒಂದು ಇರುತ್ತದೆ. ಕೊನೆಯದು ಗೋಡೆ ಮತ್ತು ಚಾವಣಿ ಸೇರುವ ಮೂಲೆಗೆ ಹೊಡೆಯುವ ಅಲಂಕಾರ ಪಟ್ಟಿಯನ್ನು ಮಲಗಿಸಿ ಕೊಯ್ಯಲು ಇರುವ ಕೋನ. ನಮ್ಮ ಮನೆಗಳಲ್ಲಿ ಅದರ ಬಳಕೆ ಅಪರೂಪ.

ಕೊನೆಗೆ ಮಗುಚುವ ಪರೀಕ್ಷೆ. ಇದನ್ನು ಗಣಿತದವನಾಗಿ ನಾನು ಬಹಳ ಮೆಚ್ಚುತ್ತೇನೆ, ಏಕೆಂದರೆ ಇದಕ್ಕೆ ಮೂಲೆಮಟ್ಟದ ನಂಬಿಕೆಯೂ ಬೇಕಿಲ್ಲ. ಹಲಗೆಯನ್ನು ಫೆನ್ಸಿಗೆ ಒರಗಿಸಿ ನಡುವೆ ಕೊಯ್ಯಬೇಕು. ಎರಡು ತುಂಡುಗಳಲ್ಲಿ ಒಂದನ್ನು ತಲೆಕೆಳಗಾಗಿ ಮಗುಚಿ, ಕೊಯ್ದ ಅಂಚುಗಳನ್ನು ಮತ್ತೆ ಕೂಡಿಸಬೇಕು. ಹೊರ ಅಂಚುಗಳು ಒಂದು ನೇರ ಪಟ್ಟಿಗೆ ತಾಗಿರಬೇಕು. ಕೊಯ್ತ ನಿಜಕ್ಕೂ 90 ಡಿಗ್ರಿಯಾಗಿದ್ದರೆ ಎರಡೂ ಅಂಚುಗಳು ಸಂದಿಲ್ಲದೆ ಕೂಡುತ್ತವೆ. ಅಲ್ಪ ತಪ್ಪಿದ್ದರೂ ಅದು ಎರಡರಷ್ಟಾಗಿ ಒಂದು ತುದಿಯಲ್ಲಿ ಬಾಯಿ ತೆರೆಯುತ್ತದೆ. 250 ಮಿ.ಮೀ. ಹಲಗೆಯಲ್ಲಿ ಸಂದು 1 ಮಿ.ಮೀ. ಇದ್ದರೆ ಒಂದು ಕೊಯ್ತದ ತಪ್ಪು ಅರ್ಧ ಮಿ.ಮೀ., ಅಂದರೆ ಸುಮಾರು 0.11 ಡಿಗ್ರಿ. ಸಂದು ಸಣ್ಣ ಬೆಣೆಯಂತೆ ನೇರವಾಗಿ ತೆರೆದುಕೊಂಡಿದ್ದರೆ ಅದು ಫೆನ್ಸಿನ ಕೋನದ ತಪ್ಪು, ಹೊಂದಿಸಿದರೆ ಹೋಗುತ್ತದೆ. ಸಂದು ನೇರವಾದ ಬೆಣೆಯಾಗಿರದೆ ಡೊಂಕಾಗಿ ಕಂಡರೆ ಕೊಯ್ತವೇ ಬಾಗಿದೆಯೆಂದರ್ಥ, ಅಂದರೆ ಕೊಯ್ಯುತ್ತಿರುವಾಗ ತಲೆಯೋ ಬ್ಲೇಡೋ ದಾರಿ ತಪ್ಪಿದೆ. ಇನ್ನೊಂದು ಗುರುತೂ ಇದೆ: ಬ್ಲೇಡು ತಾನು ಜಾರುವ ದಿಕ್ಕಿಗೆ ಸಮಾನಾಂತರವಾಗಿ ಇಲ್ಲದಿದ್ದರೆ, ಕೊಯ್ದ ಮುಖದ ಮೇಲೆ ಒಂದನ್ನೊಂದು ದಾಟುವ ಕಮಾನಿನಂಥ ಗೆರೆಗಳೂ ಒಂದು ಪಕ್ಕದಲ್ಲಿ ಸುಟ್ಟ ಕಲೆಯೂ ಕಾಣುತ್ತವೆ.

ಮೊದಲ ಅಂಗಡಿಯಲ್ಲಿ ತೆರೆದು ತೋರಿಸಿದ ಯಂತ್ರದ ಫೆನ್ಸಿನ ಎಡಭಾಗ ಬಲಭಾಗಕ್ಕಿಂತ ಮುಂದಕ್ಕೆ ಬಾಗಿತ್ತು. ಪಟ್ಟಿಯ ಹಿಂದಿನಿಂದ ಬೆಳಕು ಸ್ಪಷ್ಟವಾಗಿ ಕಂಡಿತು. ಎರಡೂ ಭಾಗಗಳು ಒಂದೇ ಎರಕದ ತುಂಡಾದ್ದರಿಂದ ಅದನ್ನು ಹೊಂದಿಸುವ ದಾರಿಯೇ ಇರಲಿಲ್ಲ. ಕೊಯ್ದು ಪರೀಕ್ಷಿಸಲು ಬಿಡುವುದಿಲ್ಲ, ಮನೆಗೆ ಒಯ್ದ ಮೇಲೆ ತೊಂದರೆಯಾದರೆ ಸರ್ವೀಸ್ ಸೆಂಟರಿಗೆ ಹೋಗಿ ಎಂಬ ಮಾತು ಬಂದಾಗ ನಾನು ವಿನಯದಿಂದಲೇ ಹೊರಬಂದೆ, ಆದರೆ ಬೇಸರವಂತೂ ಆಯಿತು. ಇಷ್ಟು ಹಣ ಕೊಟ್ಟು ಕೊಳ್ಳುವವನಿಗೆ ಒಂದು ಹಲಗೆಯನ್ನು ಕೊಯ್ದು ನೋಡುವ ಅವಕಾಶ ಇರಲೇಬೇಕು. ಎರಡನೆಯ ಅಂಗಡಿಯವರು ಯಂತ್ರವನ್ನು ಮೇಜಿಗೆ ಬಿಗಿದು, ನನ್ನ ಎಂಡಿಎಫ್ ಹಲಗೆಯನ್ನು ನನ್ನ ಕೈಯಿಂದಲೇ ಕೊಯ್ಯಿಸಿದರು. ಅಲ್ಲಿ ಸಂದು 0.6 ಮಿ.ಮೀ. ಬಂದಿತು, ನೇರವಾದ ಬೆಣೆಯಾಕಾರದಲ್ಲಿ. ಸರಳುಗಳಲ್ಲಿ ಆಟವಿರಲಿಲ್ಲ, ಫೆನ್ಸಿನ ಹಿಂದೆ ಬೆಳಕು ಕಾಣಲಿಲ್ಲ. ಆ ತಪ್ಪು ಮನೆಯಲ್ಲಿ ಹತ್ತು ನಿಮಿಷದಲ್ಲಿ ಸರಿಹೋಗುವಂಥದ್ದೆಂದು ತಿಳಿದು ಅದನ್ನೇ ಕೊಂಡೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಹುಡುಕಿದ್ದರೆ ಬೆಲೆ ಇನ್ನಷ್ಟು ಇಳಿಯುತ್ತಿತ್ತೇನೋ. ಆದರೆ 26 ಕಿಲೋ ತೂಕದ ಯಂತ್ರವನ್ನು ದುರಸ್ತಿಗೆಂದು 140 ಕಿ.ಮೀ. ಹೊತ್ತೊಯ್ಯುವ ಸಂದರ್ಭ ನನಗೆ ಬೇಕಿರಲಿಲ್ಲ.

ಡಿಗ್ರಿಯ ಹತ್ತನೇ ಒಂದು ಭಾಗಕ್ಕೆ ಇಷ್ಟು ಚಿಂತೆ ಏಕೆಂದು ಕೆಲವರು ಕೇಳಿದ್ದಾರೆ. ಒಂದು ಕೊಯ್ತದಲ್ಲಿ ಅದು ಏನೂ ಅಲ್ಲ. ಆದರೆ ನಾಲ್ಕು ಮೂಲೆಯ ಒಂದು ಚೌಕಟ್ಟಿನಲ್ಲಿ 45 ಡಿಗ್ರಿಯ ಎಂಟು ಕೊಯ್ತಗಳಿರುತ್ತವೆ. ಪ್ರತಿಯೊಂದರಲ್ಲೂ ಕಾಲು ಡಿಗ್ರಿ ಒಂದೇ ದಿಕ್ಕಿಗೆ ತಪ್ಪಿದರೆ ಒಟ್ಟು 2 ಡಿಗ್ರಿ. ಎರಡು ಇಂಚು ಅಗಲದ ಪಟ್ಟಿಯಲ್ಲಿ ಕೊನೆಯ ಮೂಲೆ ಸುಮಾರು ಎರಡೂವರೆ ಮಿ.ಮೀ. ಬಾಯಿ ಬಿಡುತ್ತದೆ. ಎಂಟು ಮೂಲೆಯ ಪೀಠವಾದರೆ 22.5 ಡಿಗ್ರಿಯ 16 ಕೊಯ್ತಗಳು, ತಪ್ಪು 4 ಡಿಗ್ರಿಗೆ ಏರುತ್ತದೆ. ಭೌಗೋಳಿಕ ಸೂಚಿಕೆ ಪಡೆದಿರುವ ಮೈಸೂರಿನ ಬೀಟೆಮರದ ಕುಸುರಿ ಫಲಕಗಳಿಗೆ ಹಾಕುವ ಚೌಕಟ್ಟನ್ನು ನೋಡಿದವರಿಗೆ ಗೊತ್ತು, ಅಲ್ಲಿ ಮೂಲೆಯಲ್ಲಿ ಅರ್ಧ ನೂಲಿನ ಸಂದು ಬಂದರೂ ಕಣ್ಣು ಫಲಕವನ್ನು ಬಿಟ್ಟು ಅಲ್ಲಿಗೇ ಹೋಗುತ್ತದೆ.

ಇನ್ನು ಸ್ಥಳದ ವಿಷಯ. ಹಿಂದಕ್ಕೆ ಜಾರುವ ಸರಳುಗಳಿರುವ ಗರಗಸ ಗೋಡೆಯಿಂದ ಒಂದಡಿಗೂ ಹೆಚ್ಚು ಅಂತರವನ್ನು ಬೇಡುತ್ತದೆ. ಎರಡಡಿ ಅಗಲದ ಮೇಜನ್ನು ಗೋಡೆಗೆ ಒತ್ತಿ ಇಟ್ಟುಕೊಂಡವರಿಗೆ ಇದು ಯಂತ್ರ ಮನೆಗೆ ಬಂದ ಮೇಲೆ ತಿಳಿಯುತ್ತದೆ. ಇದಕ್ಕೆ ತಯಾರಕರು ಬೇರೆ ಬೇರೆ ಪರಿಹಾರ ಕಂಡುಕೊಂಡಿದ್ದಾರೆ. ಬಾಷ್ ತನ್ನ 12 ಇಂಚಿನ ಯಂತ್ರದಲ್ಲಿ ಸರಳುಗಳ ಬದಲು ಮೊಣಕೈಯಂತೆ ಮಡಚಿಕೊಳ್ಳುವ ಆಕ್ಸಿಯಲ್ ಗ್ಲೈಡ್ ತೋಳನ್ನು ಇಟ್ಟಿದೆ. ಮಕಿಟಾದ ಎಲ್‌ಎಸ್1019 ಮತ್ತು ಫೆಸ್ಟೂಲ್‌ನ ಕೇಪೆಕ್ಸ್‌ನಲ್ಲಿ ಸರಳುಗಳು ಮುಂದಕ್ಕೆ ಚಾಚಿದ್ದು, ತಲೆ ಅವುಗಳ ಮೇಲೆ ಸರಿಯುತ್ತದೆ, ಹಿಂದೆ ಏನೂ ಹೊರಚಾಚುವುದಿಲ್ಲ. ಇವು ಬೆಲೆಯಲ್ಲಿ ನನ್ನ ಮಿತಿಯನ್ನು ಮೀರಿದ್ದವು. ನನ್ನ ಕೋಣೆ ಎಂಟಡಿಗೆ ಹನ್ನೊಂದಡಿ. ಮೇಜನ್ನು ಕಿಟಕಿಯ ಮುಂದಕ್ಕೆ ಸರಿಸಿದೆ, ಒಂಬತ್ತು ಇಂಚಿನ ಗೋಡೆಯ ಹೊರಮುಖಕ್ಕೆ ಕಿಟಕಿಯ ಕಂಬಿಗಳು ಇರುವುದರಿಂದ ಒಳಗಿನ ಕಿಟಕಿಗೂಡಿನಲ್ಲಿ ಸರಳುಗಳು ಆಡಲು ಜಾಗ ದೊರೆಯಿತು. ಎಡಕ್ಕೂ ಬಲಕ್ಕೂ ಗರಗಸದ ಮೇಜಿನ ಮಟ್ಟಕ್ಕೇ ಬರುವಂತೆ ಆಧಾರ ಪೆಟ್ಟಿಗೆಗಳನ್ನು ಮಾಡಿಕೊಂಡೆ. ಉದ್ದದ ಹಲಗೆಯ ತುದಿ ಕೆಳಕ್ಕೆ ಜೋತರೆ ಕೊಯ್ತ ಮುಗಿಯುವ ಹೊತ್ತಿಗೆ ಬ್ಲೇಡನ್ನು ಹಿಡಿದುಕೊಳ್ಳುತ್ತದೆ. ಎಡಗಡೆಯ ಪೆಟ್ಟಿಗೆಗೆ ಒಂದು ತಡೆಗುಪ್ಪಿ, ಅಂದರೆ ಹಲಗೆಯ ತುದಿ ತಾಗಿ ನಿಲ್ಲುವ ತುಂಡು, ಬಿಗಿದಿದ್ದೇನೆ. ಉಳಿದಿದ್ದ 12 ಹಲಗೆಗಳೂ ನಾಲ್ಕಡಿಗೆ ಒಂದಿಷ್ಟೂ ಹೆಚ್ಚುಕಡಿಮೆಯಾಗದೆ ಬಂದದ್ದು ಆ ಗುಪ್ಪಿಯಿಂದಲೇ.

ವಿದ್ಯುತ್ತಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1600 ವ್ಯಾಟಿನ ಮೋಟಾರು 230 ವೋಲ್ಟಿನಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತದೆ, ಚಾಲೂ ಆಗುವ ಕ್ಷಣದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ದೀಪದ ಸಾಲಿನ 6 ಆಂಪಿಯರ್ ಸಾಕೆಟ್ಟಿಗೆ ಚುಚ್ಚದೆ, ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ಟನ್ನೇ ಬಳಸಬೇಕು. ಎಕ್ಸ್‌ಟೆನ್ಷನ್ ಬೇಕಾದರೆ 2.5 ಚದರ ಮಿ.ಮೀ. ತಾಮ್ರದ ತಂತಿ ಇರಲಿ. ಮೆಲ್ಲಗೆ ಚಾಲೂ ಆಗುವ ಸಾಫ್ಟ್ ಸ್ಟಾರ್ಟ್ ಇರುವ ಯಂತ್ರ ಫ್ಯೂಸಿಗೂ ಕೈಗೂ ಹಿತ. ಗುಂಡಿ ಬಿಟ್ಟೊಡನೆ ಬ್ಲೇಡನ್ನು ನಿಲ್ಲಿಸುವ ಎಲೆಕ್ಟ್ರಿಕ್ ಬ್ರೇಕ್ ಇದೆಯೇ ಎಂಬುದನ್ನಂತೂ ಅಂಗಡಿಯಲ್ಲೇ ಪರೀಕ್ಷಿಸಬೇಕು. ಲೇಸರಿಗಿಂತ ನನಗೆ ಇಷ್ಟವಾದದ್ದು ಡಿವಾಲ್ಟ್‌ನವರ ಕೆಲವು ಯಂತ್ರಗಳಲ್ಲಿ ಕಾಣುವ ನೆರಳಿನ ಗೆರೆ: ಬ್ಲೇಡಿನ ಮೇಲಿಂದ ಬೀಳುವ ಎಲ್‌ಇಡಿ ಬೆಳಕು ಬ್ಲೇಡಿನ ನೆರಳನ್ನೇ ಹಲಗೆಯ ಮೇಲೆ ಮೂಡಿಸುವುದರಿಂದ, ಬ್ಲೇಡು ಬದಲಿಸಿದರೂ ಗೆರೆ ತಪ್ಪುವುದಿಲ್ಲ.

ಬ್ಲೇಡಿಗೆ ಪ್ರತ್ಯೇಕವಾಗಿ ಹಣ ತೆಗೆದಿಡಬೇಕು. ನನ್ನ ಯಂತ್ರದೊಡನೆ ಬಂದದ್ದು 40 ಹಲ್ಲಿನದು, ಒರಟು ಕೆಲಸಕ್ಕೆ ಸರಿ. ಅಡ್ಡ ಕೊಯ್ತ ನುಣುಪಾಗಿ ಬರಲು 10 ಇಂಚಿನಲ್ಲಿ 60ರಿಂದ 80 ಹಲ್ಲು ಬೇಕು. ಹಲ್ಲುಗಳ ಸಂಖ್ಯೆಗಿಂತಲೂ ಕಡಿಮೆ ಜನ ಗಮನಿಸುವುದು ಹಲ್ಲಿನ ಬಾಗು ಕೋನವನ್ನು, ಅಂದರೆ ಹುಕ್ ಆಂಗಲನ್ನು. ಟೇಬಲ್ ಸಾಗೆಂದು ಮಾಡಿದ ಬ್ಲೇಡುಗಳಲ್ಲಿ ಹಲ್ಲು ಮುಂದಕ್ಕೆ ಬಾಗಿರುತ್ತದೆ. ಅದನ್ನು ಜಾರುವ ಗರಗಸಕ್ಕೆ ಹಾಕಿದರೆ ಹಲ್ಲುಗಳು ಮರವನ್ನು ಕಚ್ಚಿ ತಲೆಯನ್ನೇ ಎಳೆದುಕೊಳ್ಳಲು ನೋಡುತ್ತವೆ. ಹುಕ್ ಕೋನ ಸೊನ್ನೆಯ ಹತ್ತಿರ ಅಥವಾ ಮೈನಸ್ 5 ಡಿಗ್ರಿ ಇರುವ ಬ್ಲೇಡು ಇಲ್ಲಿಗೆ ಸುರಕ್ಷಿತ. ಘನ ಮರಕ್ಕೆ ಒಂದು ಹಲ್ಲು ಎಡಕ್ಕೆ ಒಂದು ಬಲಕ್ಕೆ ಓರೆಯಾಗಿ ಮಸೆದ ಬ್ಲೇಡು, ಮೈಕಾ ಅಂಟಿಸಿದ ಪ್ಲೈವುಡ್ಡಿಗೂ ಅಲ್ಯೂಮಿನಿಯಮ್ಮಿಗೂ ಟ್ರಿಪಲ್ ಚಿಪ್ ಮಸೆತದ, ಅಂದರೆ ಒಂದು ಹಲ್ಲಿನ ಎರಡೂ ಮೂಲೆ ಕಡಿದು ಮುಂದಿನದನ್ನು ಚಪ್ಪಟೆಯಾಗಿ ಮಸೆದ ಬ್ಲೇಡು. ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ಸುತ್ತುಗಳ ಸಂಖ್ಯೆ ಯಂತ್ರದ ಸುತ್ತುಗಳಿಗಿಂತ ಹೆಚ್ಚಿರಲೇಬೇಕು. ಬೇಸರದ ಸಂಗತಿಯೆಂದರೆ, ಬ್ಲೇಡು ಮೊಂಡಾದ ಮೇಲೂ ಅದನ್ನೇ ಬಳಸಿ ಯಂತ್ರವನ್ನು ದೂರುವವರನ್ನು ನಾನು ಬಹಳ ಕಂಡಿದ್ದೇನೆ. ಕಾರ್ಬೈಡ್ ಹಲ್ಲುಗಳನ್ನು ಹಲವು ಸಲ ಮಸೆಸಬಹುದು.

ಬಳಸುವ ಕ್ರಮವನ್ನು ಯಾರಾದರೂ ಎದುರಿಗೆ ನಿಂತು ಕಲಿಸಿದರೆ ಒಳ್ಳೆಯದು, ಆದರೂ ಒಂದು ವಿಷಯವನ್ನು ಬರೆಯದೆ ಬಿಡಲಾರೆ. ಅಗಲ ಹಲಗೆಯನ್ನು ಕೊಯ್ಯುವಾಗ ಮೊದಲು ತಲೆಯನ್ನು ಮೇಲಿರಿಸಿಯೇ ಮುಂದಕ್ಕೆ ಎಳೆದುಕೊಂಡು, ಬ್ಲೇಡು ಪೂರ್ಣ ವೇಗಕ್ಕೆ ಬಂದ ಮೇಲೆ ಕೆಳಗಿಳಿಸಿ, ಅನಂತರ ನಮ್ಮಿಂದ ಆಚೆಗೆ ಫೆನ್ಸಿನ ಕಡೆಗೆ ತಳ್ಳಬೇಕು. ತಿರುಗುತ್ತಿರುವ ಬ್ಲೇಡನ್ನು ಮರದೊಳಗಿಟ್ಟು ನಮ್ಮ ಕಡೆಗೆ ಎಳೆದರೆ ಅದು ಮರದ ಮೇಲೆ ಹತ್ತಿ ನುಗ್ಗಿ ಬರುತ್ತದೆ. ಕೊಯ್ತ ಮುಗಿದ ಮೇಲೆ ಗುಂಡಿ ಬಿಟ್ಟು, ಬ್ಲೇಡು ಪೂರ್ತಿ ನಿಂತ ನಂತರವೇ ತಲೆ ಎತ್ತಬೇಕು. ಬ್ಲೇಡಿನ ಎರಡೂ ಪಕ್ಕ 15 ಸೆಂ.ಮೀ. ಒಳಗೆ ಕೈ ಹೋಗಬಾರದು. ಸಣ್ಣ ತುಂಡನ್ನು ಬೆರಳಿನಿಂದ ಹಿಡಿಯದೆ ಕ್ಲ್ಯಾಂಪಿನಿಂದ ಬಿಗಿಯಬೇಕು. ಹಲಗೆ ಬಾಗಿದ್ದರೆ ಉಬ್ಬಿದ ಬದಿಯನ್ನು ಫೆನ್ಸಿಗೆ ಒರಗಿಸಬೇಕು, ಇಲ್ಲದಿದ್ದರೆ ಕೊಯ್ದ ಸಂದು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ. ಚೆನ್ನಾಗಿ ಒಣಗದ ಸಿಲ್ವರ್ ಓಕಿನಲ್ಲಿ ಇದು ನನಗೆ ಒಮ್ಮೆ ಅನುಭವಕ್ಕೆ ಬಂದಿದೆ, ಎದೆ ನಡುಗಿತು. ಹೆಗಲ ಮೇಲಿನ ಟವೆಲು, ಸಡಿಲವಾದ ಪಂಚೆ, ಕೈಗವಸು, ಇವು ಮೂರೂ ಕೋಣೆಯ ಹೊರಗಿರಲಿ.

ಧೂಳಿನ ವಿಷಯದಲ್ಲಿ ಈ ಯಂತ್ರ ಒಳ್ಳೆಯದಲ್ಲ. ಹಿಂದಿನ ಬಟ್ಟೆಚೀಲ ಬೀಳುವ ಪುಡಿಯಲ್ಲಿ ಒಂದು ಪಾಲನ್ನಷ್ಟೇ ಹಿಡಿಯುತ್ತದೆ, ಉಳಿದದ್ದು ಕೋಣೆ ತುಂಬುತ್ತದೆ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೀಟೆಯಂಥ ಮರದ ಪುಡಿಯಿಂದ ಕೆಲವರ ಚರ್ಮ ಕೆರಳುವುದೂ ಉಂಟು. ನಾನು ಚೀಲ ತೆಗೆದು ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಸಿಕ್ಕಿಸಿದ್ದೇನೆ, ಗರಗಸದ ಹಿಂದೆ ಮೂರು ಪಕ್ಕ ಮುಚ್ಚಿದ ಒಂದು ಗೂಡು ಕಟ್ಟಿದ್ದೇನೆ, ಎನ್95 ಮುಖಗವಸಿಲ್ಲದೆ ಒಂದು ತುಂಡನ್ನೂ ಕೊಯ್ಯುವುದಿಲ್ಲ. ಶಬ್ದ ನೂರು ಡೆಸಿಬಲ್‌ನ ಆಸುಪಾಸಿನಲ್ಲಿರುವುದರಿಂದ ಕಿವಿಗೂ ರಕ್ಷಣೆ ಬೇಕು; ನೆರೆಯವರ ಮಧ್ಯಾಹ್ನದ ನಿದ್ದೆಯ ಹೊತ್ತನ್ನು ಬಿಟ್ಟು ಕೆಲಸ ಮಾಡುತ್ತೇನೆ.

ಗೊಂಬೆಯ ಮೆಟ್ಟಿಲುಗಳು ಆ ವರ್ಷ ಪಾಡ್ಯಕ್ಕೆ ಎರಡು ದಿನ ಮುಂಚೆ ಸಿದ್ಧವಾದವು. 28 ತುದಿಗಳಲ್ಲಿ ಉಳಿದಿದ್ದ 24ನ್ನು ಕೊಯ್ಯಲು ಒಂದು ಗಂಟೆಯೂ ಹಿಡಿಯಲಿಲ್ಲ. ಮರುವರ್ಷ ದೇವರಕೋಣೆಯ ಬಾಗಿಲುವಾಡಕ್ಕೆ ತೇಗದ ಮೂರು ಇಂಚಿನ ಮರವನ್ನು ಒಂದೇ ಇಳಿತದಲ್ಲಿ ಕೊಯ್ದಾಗ, 216 ಮಿ.ಮೀ. ಯಂತ್ರವನ್ನು ಬಿಟ್ಟದ್ದು ಸರಿಯಾಯಿತೆಂದು ಮನಸ್ಸಿಗೆ ಸಮಾಧಾನವಾಯಿತು.

ಆಯುಧಪೂಜೆಯ ಹಿಂದಿನ ಸಂಜೆ ಉಪಕರಣಗಳನ್ನೆಲ್ಲ ತೊಳೆದು ಒರೆಸುವಾಗ ಗರಗಸದ ಸರಳುಗಳನ್ನೂ ಒಣಬಟ್ಟೆಯಿಂದ ಒರೆಸಿ, ಅದೇ 250 ಮಿ.ಮೀ. ಅಗಲದ ಎಂಡಿಎಫ್ ಹಲಗೆಯನ್ನು ಕೊಯ್ದು ಮಗುಚಿ, ಫೀಲರ್ ಗೇಜಿನಿಂದ ಸಂದನ್ನು ಅಳೆದು ಗೋಡೆಯ ಮೇಲಿನ ಕಾಗದದಲ್ಲಿ ಬರೆದಿಡುತ್ತೇನೆ. ಮೊದಲ ವರ್ಷ, ಫೆನ್ಸ್ ಹೊಂದಿಸಿದ ಮೇಲೆ, 0.15 ಮಿ.ಮೀ. ಎರಡನೆಯ ವರ್ಷ 0.2. ಕಳೆದ ಸಲ 0.45 ಬಂದಿತು, ಬಣ್ಣ ಬಳಿಯುವವರು ಯಂತ್ರವನ್ನು ಫೆನ್ಸಿನಿಂದ ಹಿಡಿದು ಎತ್ತಿ ಆಚೆಗಿಟ್ಟಿದ್ದರು. ಅಲೆನ್ ಕೀಲಿಯಿಂದ ಫೆನ್ಸಿನ ಸ್ಕ್ರೂಗಳನ್ನು ಸಡಿಲಿಸಿ, ಮೂಲೆಮಟ್ಟವನ್ನು ಹಲ್ಲುಗಳಿಗೆ ತಾಗದಂತೆ ಬ್ಲೇಡಿನ ಚಪ್ಪಟೆ ಮೈಗೆ ಒರಗಿಸಿ, ಒಂದೊಂದಾಗಿ ಮತ್ತೆ ಬಿಗಿದೆ. ಸಂದು ಮತ್ತೆ 0.15ಕ್ಕೆ ಬಂದ ಮೇಲೆ ಕುಂಕುಮ ಹಚ್ಚಿದೆವು.